ಕಪಿಲೆ ದಂಡೆಯಲ್ಲಿ ಮೂರು ದಿನ: ಸೈಕಲ್ ಇದೆ, ಮಲಗೋಕೆ ಜಾಗ?

ನಂಜನಗೂಡಿನ ಹಳೇ ಸೇತುವೆಯಿಂದ ಹೊರಟು ತಿರುಮಕೂಡಲಿನ ಸಂಗಮ ಮುಟ್ಟಿ, ಅಲ್ಲಿಂದ ತಲಕಾಡಿನ ಮರಳಿನವರೆಗೆ ಮೂರು ದಿನ ನಿಧಾನವಾಗಿ ಸೈಕಲ್ ತುಳಿದುಕೊಂಡು ಹೋಗಬಹುದು. ಗೈಡ್ ಬೇಡ, ಟೂರ್ ಪ್ಯಾಕೇಜ್ ಬೇಡ, ಹಿಂದೆ ಕಾರೂ ಬೇಡ. ಬದನವಾಳಿಗೆ ಒಂದು ಸುತ್ತು ಹೋಗಿ ಬಂದರೂ ಒಟ್ಟು ದಾರಿ ನೂರು ಕಿಲೋಮೀಟರ್ ದಾಟುವುದಿಲ್ಲ. ದಾರಿ ಬಹುಪಾಲು ಸಮತಟ್ಟು. ಗೇರ್ ಸೈಕಲ್ಲೇ ಬೇಕು ಅಂತಿಲ್ಲ.

ಇಷ್ಟು ಸುಲಭ ಇದ್ದರೂ ನಮ್ಮ ಕಾಲೇಜಿನಲ್ಲಿ ಈ ದಾರಿ ಹಿಡಿದವರು ಎಷ್ಟು ಜನ? ಗೋಕರ್ಣಕ್ಕೆ ಬೈಕಿನಲ್ಲಿ ಹೋಗಿ ಬಂದವರು ಪ್ರತಿ ಸೆಕ್ಷನ್ನಿನಲ್ಲೂ ಸಿಗುತ್ತಾರೆ. ಮನೆ ಬಾಗಿಲಲ್ಲಿ ಹರಿಯೋ ಹೊಳೆಯನ್ನು ಬಸ್ಸಿನ ಕಿಟಕಿಯಿಂದ ಬಿಟ್ಟು ಬೇರೆ ಕಡೆಯಿಂದ ನೋಡಿದವರು ಸಿಗೋದಿಲ್ಲ. ಇದಕ್ಕೆ ಸೋಮಾರಿತನ, ಬಿಸಿಲು, ಕೆಟ್ಟ ರಸ್ತೆ ಅಂತ ಕಾರಣ ಹೇಳಿಬಿಡಬಹುದು. ಅಸಲಿ ಕಾರಣ ಬೇರೆ ಇದೆ, ಅದು ಕತ್ತಲಾದ ಮೇಲೆ ಗೊತ್ತಾಗುತ್ತೆ ಅನ್ನೋದು ನಮ್ಮ ಅಭಿಪ್ರಾಯ.

ಡ್ಯಾನ್ಯೂಬಿನವರು ಏನು ಮಾಡಿದರು

ಮೊದಲು ಯುರೋಪಿನ ಕಡೆ ಒಂದು ನೋಟ ಹಾಕಿ ಬರೋಣ. ಅಲ್ಲಿ ಈ ಥರದ ರಜೆ ಬಹಳ ಮಾಮೂಲು. ಜರ್ಮನಿಯ ಪಸ್ಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿಯ ದಂಡೆಗುಂಟ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಸೈಕಲ್ ದಾರಿ ಇದೆ. ದಿನಕ್ಕೆ ನಲವತ್ತೈವತ್ತು ಕಿಲೋಮೀಟರ್ ತುಳಿದು, ಒಂದು ವಾರದಲ್ಲಿ ಮುಗಿಸುತ್ತಾರೆ. ಅರವತ್ತು ದಾಟಿದ ಅಜ್ಜ ಅಜ್ಜಿಯರೂ ಹೋಗುತ್ತಾರೆ, ಹಿಂದೆ ಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡ ಅಪ್ಪ ಅಮ್ಮಂದಿರೂ ಹೋಗುತ್ತಾರೆ. ಅವರ ಜೊತೆಗೆ ಗೈಡ್ ಇರೋದಿಲ್ಲ. ಯಾವುದೋ ಕಂಪನಿಗೆ ದುಡ್ಡು ಕಟ್ಟಿದರೆ ಅವರು ನಕ್ಷೆ ಕೊಡುತ್ತಾರೆ, ರಾತ್ರಿ ತಂಗೋ ಮನೆ ಬುಕ್ ಮಾಡುತ್ತಾರೆ, ಬ್ಯಾಗನ್ನು ವ್ಯಾನಿನಲ್ಲಿ ಮುಂದಿನ ಊರಿಗೆ ಸಾಗಿಸುತ್ತಾರೆ. ಮಿಕ್ಕಿದ್ದೆಲ್ಲಾ ನಿಮ್ಮ ಕಾಲಿಗೆ ಬಿಟ್ಟದ್ದು. ಈ ದಾರಿಯೇ ಅಟ್ಲಾಂಟಿಕ್ ತೀರದಿಂದ ಕಪ್ಪು ಸಮುದ್ರದವರೆಗೆ ಹೋಗೋ ಯೂರೋವೆಲೋ 6 ಅನ್ನೋ ದೊಡ್ಡ ಸೈಕಲ್ ಮಾರ್ಗದ ಒಂದು ತುಂಡು.

ಇದನ್ನು ಕೇಳಿದ ತಕ್ಷಣ ನಮಗೆ ಅನ್ನಿಸೋದು ‘ಅವರ ಹತ್ರ ದುಡ್ಡಿದೆ, ಮಾಡ್ತಾರೆ’ ಅಂತ. ಆದರೆ ಈ ದಾರಿ ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ಹಡಗಿಗೆ ಇಂಜಿನ್ ಬರೋಕೆ ಮುಂಚೆ, ಸರಕಿನ ದೋಣಿಗಳನ್ನು ಪ್ರವಾಹಕ್ಕೆ ಎದುರಾಗಿ ಎಳೆಯೋಕೆ ಕುದುರೆಗಳನ್ನು ಕಟ್ಟುತ್ತಿದ್ದರು. ಕುದುರೆಗಳು ನಡೆಯೋಕೆ ನದಿ ದಂಡೆಯಲ್ಲೇ ಒಂದು ದಾರಿ ಬೇಕಿತ್ತು. ಕುದುರೆಗಳ ಕೆಲಸ ನಿಂತ ಮೇಲೂ ದಾರಿ ಉಳಿಯಿತು. ಮುಂದೆ ಆ ದಾರಿಯ ಬಹಳಷ್ಟು ಭಾಗ ಸೈಕಲ್ಲಿನವರ ಪಾಲಾಯಿತು. ಅಂದರೆ ದುಡಿಮೆಗೆ ಮಾಡಿದ ದಾರಿಗೆ ಎರಡನೇ ಜನ್ಮ ಬಂತು.

ಇನ್ನೊಂದು ವಿಷಯ ನಮಗೆ ಇನ್ನೂ ಮುಖ್ಯ ಅನ್ನಿಸಿತು. ಜರ್ಮನಿಯ ಸೈಕಲ್ ಸವಾರರ ಸಂಘ ಎಡಿಎಫ್‌ಸಿ, ‘ಬೆಟ್ ಉಂಡ್ ಬೈಕ್’ ಅಂತ ಒಂದು ಗುರುತಿನ ಫಲಕ ಕೊಡುತ್ತದೆ. ಹಾಸಿಗೆ ಮತ್ತು ಸೈಕಲ್ ಅಂತ ಅದರ ಅರ್ಥ. ಆ ಫಲಕ ಬೇಕು ಅಂದರೆ ಲಾಡ್ಜಿನವರು ಒಪ್ಪಬೇಕಾದ ಷರತ್ತುಗಳು ಚಿಕ್ಕವು: ಒಂದೇ ರಾತ್ರಿಗೆ ಬಂದರೂ ಜಾಗ ಕೊಡಬೇಕು, ಸೈಕಲ್ ಇಡೋಕೆ ಬೀಗ ಹಾಕೋ ಕೋಣೆ ಇರಬೇಕು, ಒದ್ದೆ ಬಟ್ಟೆ ಒಣಗಿಸೋಕೆ ವ್ಯವಸ್ಥೆ ಇರಬೇಕು, ರಿಪೇರಿಗೆ ನಾಲ್ಕು ಸಾಮಾನು ಇರಬೇಕು. ಈಜುಕೊಳ, ಎಸಿ ಏನೂ ಕೇಳೋದಿಲ್ಲ. ಕತ್ತಲಾದಾಗ ಬಾಗಿಲು ತೆರೆಯುತ್ತೆ ಅನ್ನೋ ಭರವಸೆ ಇದ್ದರೆ ಸಾಕು. ಇಡೀ ಡ್ಯಾನ್ಯೂಬ್ ಪ್ರವಾಸ ನಿಂತಿರೋದು ಅದರ ಮೇಲೆ.

ನಮ್ಮ ಹತ್ತಿರ ಏನಿದೆ

ಹಾಗೆ ನೋಡಿದರೆ ನಮಗೆ ಕಡಿಮೆ ಏನಿಲ್ಲ. ವಯನಾಡಿನಲ್ಲಿ ಹುಟ್ಟಿ ಬರೋ ಕಬಿನಿಗೆ ನಮ್ಮ ಕಡೆ ಕಪಿಲೆ ಅಂತಾರೆ, ಊರಿನವರ ಬಾಯಲ್ಲಿ ಬರೀ ಹೊಳೆ. ನಂಜನಗೂಡಿನಲ್ಲಿ ಆ ಹೊಳೆಗೆ ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ ಸೇತುವೆ ಇದೆ. ರಸ್ತೆಯನ್ನೂ ಹೊತ್ತು, ಆಮೇಲೆ ರೈಲನ್ನೂ ಹೊತ್ತ ಕಲ್ಲಿನ ಸೇತುವೆ. ರೈಲಿಗೆ ಈಗ ಬೇರೆ ಸೇತುವೆ ಬಂದಿದೆ. ಸೈಕಲ್ ಮತ್ತು ಕಾಲ್ನಡಿಗೆಯವರಿಗೆ ಇದಕ್ಕಿಂತ ಒಳ್ಳೆ ಹೆಬ್ಬಾಗಿಲು ಯಾವ ನದಿಗಿದೆ ಹೇಳಿ?

ಅಲ್ಲಿಂದ ಕೆಳಕ್ಕೆ ರಸಬಾಳೆ, ಭತ್ತ, ಕಬ್ಬು. ದಾರಿಯಲ್ಲಿ ಸುತ್ತೂರು. ಆಮೇಲೆ ತಿರುಮಕೂಡಲು ನರಸೀಪುರ, ಅಲ್ಲಿ ಕಪಿಲೆ ಕಾವೇರಿಗೆ ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಲೆಕ್ಕಕ್ಕೆ ಹಿಡಿದು ಮೂರು ಕೂಡಲು ಅಂತ ಹೆಸರು. 1989ರಿಂದ ಅಲ್ಲಿ ಕುಂಭಮೇಳ ನಡೆಯುತ್ತಿದೆ, 2025ರ ಫೆಬ್ರವರಿಯಲ್ಲೂ ಆಯಿತು. ಇನ್ನೂ ಕೆಳಗೆ ಮುಡುಕುತೊರೆ, ತಲಕಾಡು. ಉಸಿರು ಉಳಿದಿದ್ದವರು ಶಿವನಸಮುದ್ರದವರೆಗೂ ಹೋಗಬಹುದು. ಇಂಜಿನಿಯರಿಂಗ್ ಓದೋರು 1902ರ ಜಲವಿದ್ಯುತ್ ಸ್ಥಾವರ ನೋಡದೆ ಇರೋದು ಸರಿಯಲ್ಲ ತಾನೆ?

ಕುದುರೆ ದಾರಿ ನಮ್ಮಲ್ಲಿಲ್ಲ, ನಿಜ. ಆದರೆ ನಾಲೆ ಏರಿ ಇದೆ. ಕಬಿನಿ ಬಲದಂಡೆ ನಾಲೆ ನಂಜನಗೂಡು ತಾಲೂಕಿನಲ್ಲಿ ಹಾದು ಚಾಮರಾಜನಗರ, ಕೊಳ್ಳೇಗಾಲದ ಕಡೆಗೂ ನೀರು ಒಯ್ಯುತ್ತದೆ. ನಾಲೆ ಪಕ್ಕದಲ್ಲಿ ನೀರುಗಂಟಿ ಓಡಾಡೋಕೆ, ಇಲಾಖೆ ಜೀಪು ಹೋಗೋಕೆ ಅಂತ ಮಣ್ಣಿನ ದಾರಿ ಇರುತ್ತೆ. ನಾಲೆ ನೀರು ತಾನಾಗಿ ಹರಿಯಬೇಕಾದ್ದರಿಂದ ಇಳಿಜಾರು ತೀರಾ ಕಡಿಮೆ. ಪಕ್ಕದ ದಾರಿಯೂ ಹಾಗೆಯೇ. ಸರ್ವೇ ಮಾಡಿದ ಇಂಜಿನಿಯರ್‌ಗಳು ಗೊತ್ತಿಲ್ಲದೇ ನಮಗೆ ಸೈಕಲ್ ಟ್ರ್ಯಾಕ್ ಮಾಡಿಕೊಟ್ಟು ಹೋಗಿದ್ದಾರೆ! ನಾವು ತುಳಿದ ಭಾಗದಲ್ಲಿ ಕೆಲವು ಕಡೆ ಜಾಲಿ ಬೆಳೆದು ಟ್ಯೂಬಿಗೆ ಮುಳ್ಳು ಹತ್ತಿತು, ಕೆಲವು ಕಡೆ ಏರಿ ಕುಸಿದಿತ್ತು. ಆದರೂ ಕಬ್ಬಿನ ಟ್ರಾಕ್ಟರ್‌ಗಳು ಮೈಮೇಲೆ ಬರೋ ಡಾಂಬರು ರಸ್ತೆಗಿಂತ ಎಷ್ಟೋ ವಾಸಿ.

ದಿನಗಟ್ಟಲೆ ತಾನೇ ದಾರಿ ನೋಡಿಕೊಂಡು ಹೋಗೋದು ಕೂಡ ನಮಗೆ ಹೊಸದಲ್ಲ. ಶಿವರಾತ್ರಿ ಸಮಯದಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗೋ ಒಕ್ಕಲುಗಳನ್ನು ನೋಡಿ. ಯಾವ ಆಪ್ ಇದೆ ಅವರ ಹತ್ತಿರ? ತಲೆ ಮೇಲೆ ಗಂಟು, ಬಾಯಲ್ಲಿ ಮಾದಪ್ಪ. ದಾರಿಯುದ್ದಕ್ಕೂ ಯಾರೋ ಅರವಟ್ಟಿಗೆ ಇಟ್ಟು ಮಜ್ಜಿಗೆ ಕೊಡುತ್ತಾರೆ, ಯಾರೋ ಅನ್ನ ಹಾಕುತ್ತಾರೆ, ಮಲಗೋಕೆ ಜಗುಲಿ ಸಿಗುತ್ತೆ. ನಮ್ಮ ಸೀಮೆಯ ಛತ್ರ, ಮಂಟಪ, ಅರವಟ್ಟಿಗೆ ಎಲ್ಲಾ ದಾರಿಹೋಕರಿಗೆ ಅಂತಲೇ ಹುಟ್ಟಿದವು. ಹೊರಗಿನಿಂದ ತರಬೇಕಾದ ವಿದ್ಯೆ ಇದಲ್ಲ.

‘ಯಾವ ಜನ ನೀವು?’

ಇಷ್ಟೆಲ್ಲಾ ಇದ್ದ ಮೇಲೆ ತೊಡಕು ಎಲ್ಲಿ? ಹೋದ ಸೆಮಿಸ್ಟರ್ ರಜೆಯಲ್ಲಿ ನಾವು ಐದು ಜನ ಈ ದಾರಿಯಲ್ಲಿ ಹೋದಾಗ ಅದು ಗೊತ್ತಾಯಿತು.

ಹಗಲೆಲ್ಲಾ ರಾಜಮರ್ಯಾದೆ. ‘ಯಾಕ್ರಪ್ಪಾ, ಬಸ್ಸಿಗೆ ಕಾಸಿಲ್ವಾ?’ ಅಂತ ನಗುತ್ತಾ ಎಳನೀರು ಕೊಚ್ಚಿಕೊಟ್ಟ ಅಣ್ಣ ಕಾಸು ತಗೊಳ್ಳೋಕೆ ಒಪ್ಪಲಿಲ್ಲ. ಪಂಕ್ಚರ್ ಅಂಗಡಿಯವರು ತಮ್ಮ ಪಂಪನ್ನೇ ಕೈಗೆ ಕೊಟ್ಟರು. ಸಂಜೆ ಆರೂವರೆ ದಾಟಿತ್ತು. ಒಂದು ಊರಿನಲ್ಲಿ ಖಾಲಿ ಬಿದ್ದಿದ್ದ ಸಮುದಾಯ ಭವನದ ಜಗುಲಿ ಕಂಡು, ಒಂದು ರಾತ್ರಿ ಮಲಗಬಹುದಾ ಅಂತ ಕೇಳಿದೆವು. ಅಲ್ಲಿ ಕೂತಿದ್ದ ಹಿರಿಯರು ಒಳ್ಳೆ ಮಾತಿನಲ್ಲೇ ಕೇಳಿದರು:

‘ಯಾವ ಜನ ನೀವು?’

‘ಕಾಲೇಜು ಹುಡುಗ್ರು ತಾತ, ಮೈಸೂರಿಂದ.’

‘ಅದು ಸರಿ ಮಕ್ಳೆ. ಯಾವ ಜನ?’

ನಮ್ಮ ಐವರಲ್ಲಿ ಐದು ಥರದ ಉತ್ತರ ಇದ್ದವು. ಅದರಲ್ಲಿ ಒಂದೆರಡು ಹೇಳಿದ್ದರೆ ಬಾಗಿಲು ತೆರೆಯುತ್ತಿತ್ತು ಅನ್ನೋದು ಎಲ್ಲರಿಗೂ ಗೊತ್ತಿತ್ತು. ಹೇಳಬಾರದ ಉತ್ತರ ಯಾರದ್ದು ಅನ್ನೋದೂ ಗೊತ್ತಿತ್ತು. ಅವನು ಏನೂ ಮಾತಾಡದೆ ಸೈಕಲ್ ಸ್ಟ್ಯಾಂಡ್ ತೆಗೆದ. ನಾವೂ ತೆಗೆದೆವು. ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ಮುಂದಿನ ಪೇಟೆವರೆಗೆ ತುಳಿದು, ಲಾಡ್ಜಿನಲ್ಲಿ ಒಂದೇ ರೂಮಿಗೆ ಎಲ್ಲರೂ ತುರುಕಿಕೊಂಡೆವು. ಮಲಗೋ ಹೊತ್ತಿಗೆ ಅವನೇ ಅಂದ: ‘ಪ್ಯಾಚು, ಸೊಲ್ಯೂಷನ್ನು ಎಲ್ಲಾ ತಂದಿದ್ವಿ. ಇದಕ್ಕೊಂದು ತಂದಿರ್ಲಿಲ್ಲ ನೋಡು.’ ಯಾರೂ ನಗಲಿಲ್ಲ.

ಮಾರನೇ ದಿನ ಇನ್ನೊಂದು ಊರಿನಲ್ಲಿ ಒಬ್ಬ ಅವ್ವ ಏನನ್ನೂ ಕೇಳದೆ ‘ಬಿಸ್ಲಲ್ಲಿ ಬಂದಿದ್ದೀರಿ, ಉಂಡ್ಕಂಡೋಗಿ’ ಅಂತ ಒಳಗೇ ಕರೆದು ಮುದ್ದೆ ಬಡಿಸಿದರು. ಅದೂ ನಮ್ಮದೇ ಸೀಮೆ. ಆದರೆ ಅವ್ವ ಸಿಗುತ್ತಾರೋ ತಾತ ಸಿಗುತ್ತಾರೋ ಅನ್ನೋ ಅದೃಷ್ಟದ ಮೇಲೆ ಪ್ರವಾಸ ನಡೆಯೋದಿಲ್ಲ. ನಮ್ಮಲ್ಲಿ ಕೆಲವರಿಗೆ ಇದು ಸಾಹಸ, ಕೆಲವರಿಗೆ ಇದು ಪರೀಕ್ಷೆ. ಒಬ್ಬ ಹುಡುಗಿ ಜೊತೆಗಿದ್ದಿದ್ದರೆ ಇನ್ನೂ ನಾಲ್ಕು ಪ್ರಶ್ನೆ ಸೇರಿಕೊಳ್ಳುತ್ತಿದ್ದವು. ಬರುತ್ತೇನೆ ಅಂದಿದ್ದ ಇಬ್ಬರು ಗೆಳತಿಯರು ಕೊನೇ ಗಳಿಗೆಯಲ್ಲಿ ಬಿಟ್ಟಿದ್ದು ‘ರಾತ್ರಿ ಎಲ್ಲಿ ಇರ್ತೀರಿ?’ ಅನ್ನೋ ಮನೆಯವರ ಮಾತಿಗೆ ನಮ್ಮ ಯಾರ ಹತ್ತಿರವೂ ಉತ್ತರ ಇಲ್ಲದ್ದಕ್ಕೆ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಮಲಗೋ ಜಾಗಕ್ಕೆ ನಮ್ಮ ಊರುಗಳಲ್ಲಿ ಬರ ಇಲ್ಲ. ದಾರಿಯಲ್ಲಿ ಎಷ್ಟು ಭವನ ಕಂಡೆವೋ ಲೆಕ್ಕ ತಪ್ಪಿತು. ಒಂದೇ ಊರಲ್ಲಿ ಎರಡು, ಮೂರು. ಬಹಳಷ್ಟಕ್ಕೆ ಗೋಡೆ ಮೇಲೆ ಯಾವುದೋ ಅನುದಾನದ ಕಲ್ಲು. ಮದುವೆ, ತಿಥಿ ಇಲ್ಲದ ದಿನ ಬೀಗ. ಸೂರು ಇದೆ, ಫ್ಯಾನ್ ಇದೆ, ನಲ್ಲಿ ಇದೆ. ಒಂದೊಂದಕ್ಕೂ ಒಂದೊಂದು ಜನ ಇದ್ದಾರೆ ಅಷ್ಟೆ. ಡ್ಯಾನ್ಯೂಬ್ ದಂಡೆಯಲ್ಲಿ ಒಂದು ಫಲಕದಿಂದ ಮುಗಿದ ಕೆಲಸ ನಮ್ಮಲ್ಲಿ ಮುಗಿಯದೆ ಇರೋದು ದುಡ್ಡಿಲ್ಲದ್ದಕ್ಕಲ್ಲ.

ಯಾಕೆ ಬದನವಾಳು

ಅದಕ್ಕೇ ನಾವು ಹೇಳೋದು, ಈ ದಾರಿಯ ಮೊದಲ ರಾತ್ರಿ ಬದನವಾಳಿನಲ್ಲಿ ಆಗಲಿ ಅಂತ. ಬದನವಾಳು ಹೊಳೆ ದಂಡೆಯ ಊರಲ್ಲ. ನಂಜನಗೂಡಿನಿಂದ ದಕ್ಷಿಣಕ್ಕೆ, ಸುಮಾರು ಹತ್ತು ಕಿಲೋಮೀಟರ್ ಒಳಗೆ ಹೋಗಬೇಕು. ಮತ್ತೆ ಯಾಕೆ?

ಒಂದು, ಅಲ್ಲಿ ಖಾದಿ ಕೇಂದ್ರ ಇದೆ. 1927ರಲ್ಲಿ ಗಾಂಧೀಜಿ ಬಂದು ಹೋದ ಜಾಗ. ಹೆಂಗಸರು ಇವತ್ತಿಗೂ ಅಲ್ಲಿ ನೂಲುತ್ತಾರೆ. 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿನ ಬಗ್ಗೆ ದೇಶಮಟ್ಟದ ಸಮಾವೇಶ ಕರೆದಿದ್ದು ಈ ಊರಿಗೇ. ಇಲ್ಲಿ ಹತ್ತಿಯ ನೂಲು, ಮುಂದೆ ತಿ. ನರಸೀಪುರದಲ್ಲಿ ಕೆಎಸ್‌ಐಸಿಯ ಫಿಲೇಚರ್‌ನಲ್ಲಿ ರೇಷ್ಮೆಯ ನೂಲು. ಮೈಸೂರು ಸಿಲ್ಕ್ ಸೀರೆಗೆ ನೂಲು ಹೋಗೋದು ಅಲ್ಲಿಂದ. ಮೂರು ದಿನದ ದಾರಿಯಲ್ಲಿ ಎರಡು ನೂಲು ನೋಡೋ ಭಾಗ್ಯ ಎಷ್ಟು ನದಿಗಳಿಗಿದೆ? ರಾಟೆಯೂ ಸೈಕಲ್ಲೂ ಒಂದೇ ಜಾತಿಯ ಯಂತ್ರಗಳು ಅಂತ ನಮ್ಮ ಮೆಕ್ಯಾನಿಕಲ್ ಗೆಳೆಯನ ವಾದ. ಮನುಷ್ಯನ ಮೈಬಲ, ಒಂದು ಚಕ್ರ, ಬೇರೆ ಇಂಧನ ಇಲ್ಲ.

ಎರಡನೆಯ ಕಾರಣ ಹೇಳೋಕೆ ಕಷ್ಟ, ಆದರೂ ಹೇಳಲೇಬೇಕು. 1993ರ ಮಾರ್ಚ್‌ನಲ್ಲಿ, ದೇವಸ್ಥಾನ ಪ್ರವೇಶದ ವಿಚಾರದ ಬಿಸಿ ಆರುವ ಮುಂಚೆಯೇ, ಬದನವಾಳಿನ ಮೂವರು ದಲಿತರ ಕೊಲೆಯಾಯಿತು. ಆಮೇಲೆ ಎರಡು ಕೇರಿಗಳ ನಡುವಿನ ದಾರಿಯಲ್ಲಿ ಓಡಾಟವೇ ನಿಂತುಹೋಯಿತು. ನಮ್ಮಲ್ಲಿ ಬಹಳ ಜನ ಹುಟ್ಟೋಕೆ ಮುಂಚೆ ಮುಚ್ಚಿದ ದಾರಿ. 2022ರ ಅಕ್ಟೋಬರ್ 2ರಂದು ಭಾರತ್ ಜೋಡೋ ಯಾತ್ರೆ ಆ ಊರಿಗೆ ಬಂದಾಗ ಆ ರಸ್ತೆಯನ್ನು ಸರಿಮಾಡಿ ತೆರೆದರು, ಎರಡೂ ಕಡೆಯವರು ಕೂತು ಊಟ ಮಾಡಿದರು. ಯಾರು ತೆರೆಸಿದರು, ಯಾವ ಪಕ್ಷ ಅನ್ನೋ ಚರ್ಚೆ ನಮಗೆ ಬೇಡ. ಮೂವತ್ತು ವರ್ಷದ ಹತ್ತಿರ ಮುಚ್ಚಿದ್ದ ದಾರಿ ತೆರೆಯಿತು, ಅದು ಮುಖ್ಯ. ತೆರೆದ ದಾರಿ ತೆರೆದೇ ಇರಬೇಕು ಅಂದರೆ ಅದರ ಮೇಲೆ ಜನ ಓಡಾಡುತ್ತಿರಬೇಕು. ಓಡಾಟ ನಿಂತ ದಾರಿಯಲ್ಲಿ ಮೊದಲು ಗರಿಕೆ ಬೆಳೆಯುತ್ತೆ, ಆಮೇಲೆ ಜಾಲಿ, ಆಮೇಲೆ ಹಳೇ ಮಾತು.

ಡ್ಯಾನ್ಯೂಬಿಗೂ ಇಂಥ ಗಾಯ ಇದೆ. ಶೀತಲ ಸಮರದ ಕಾಲದಲ್ಲಿ ಆಸ್ಟ್ರಿಯಾ ಮತ್ತು ಆಗಿನ ಚೆಕೊಸ್ಲೊವಾಕಿಯಾದ ನಡುವೆ ಮುಳ್ಳುತಂತಿ, ಕಾವಲು ಗೋಪುರ. ಉಪನದಿ ಮೊರಾವಾ ಡ್ಯಾನ್ಯೂಬಿಗೆ ಸೇರೋ ಜಾಗದಲ್ಲೇ ಆ ಗಡಿ. ದಾಟೋಕೆ ಹೋಗಿ ಸತ್ತವರಿದ್ದಾರೆ. 2012ರಲ್ಲಿ ಅದೇ ಮೊರಾವಾ ಮೇಲೆ ಸೈಕಲ್ಲಿನವರಿಗೂ ನಡೆಯುವವರಿಗೂ ಮಾತ್ರ ಅಂತ ಒಂದು ಸೇತುವೆ ತೆರೆದರು, ಸ್ವಾತಂತ್ರ್ಯದ ಸೈಕಲ್ ಸೇತುವೆ ಅಂತ ಹೆಸರಿಟ್ಟರು. ಗಡಿ ಇದ್ದ ಉದ್ದಕ್ಕೂ ಈಗ ಯೂರೋವೆಲೋ 13 ಅನ್ನೋ ಸೈಕಲ್ ಮಾರ್ಗವೇ ಇದೆ. ಸತ್ತವರನ್ನು ಮರೆಯೋದು ಅದರ ಉದ್ದೇಶ ಅಲ್ಲ, ದಾರಿಯಲ್ಲಿ ಅವರ ನೆನಪಿನ ಗುರುತುಗಳೂ ಇವೆ. ಮತ್ತೆ ಮುಚ್ಚದ ಹಾಗೆ ತುಳಿಯುತ್ತಾ ಇರೋದು ಉದ್ದೇಶ.

‘ಕೇರಿ ನೋಡೋಕೆ ಬರ್ತೀರಾ?’

ಈ ಮಾತು ಎತ್ತಿದಾಗ ನಮ್ಮ ಕ್ಲಬ್ಬಿನಲ್ಲೇ ಜೋರು ಜಗಳ ಆಯಿತು. ‘ಜನರ ನೋವು ನಿಮಗೆ ಟೂರಿಸ್ಟ್ ಸ್ಪಾಟಾ? ಸೆಲ್ಫಿ ತಗೊಂಡು ಹೋಗೋಕಾ?’ ಅಂತ ಒಬ್ಬಳು ಕೇಳಿದಳು. ಸರಿಯಾದ ಪ್ರಶ್ನೆ. ನಮ್ಮ ಉತ್ತರ ಇಷ್ಟು: ಬಸ್ಸಲ್ಲಿ ಬಂದು ಅರ್ಧ ಗಂಟೆ ನೋಡಿ ಹೋಗೋರು ಪ್ರೇಕ್ಷಕರು. ರಾತ್ರಿ ಉಳಿದು, ಕಾಸು ಕೊಟ್ಟು ಉಂಡು, ಬೆಳಗ್ಗೆ ನಲ್ಲಿ ಹತ್ತಿರ ಸರದಿಯಲ್ಲಿ ನಿಂತು ಹಲ್ಲುಜ್ಜೋರು ನೆಂಟರು. ನೆಂಟರಿಗೆ ತೋರಿಸೋಕೆ ಅಂತ ಏನೂ ಇಡಬೇಕಿಲ್ಲ. ಫಲಕ, ಸ್ಮಾರಕ, ಭಾಷಣ ಯಾವುದೂ ಬೇಡ. ಮತ್ತೆ ಇದು ಆಗಬೇಕಾದ್ದು ಊರಿನವರಿಗೆ, ಎರಡೂ ಕೇರಿಯವರಿಗೆ, ಬೇಕು ಅನ್ನಿಸಿದರೆ ಮಾತ್ರ. ನೂಲೋ ಅವ್ವಂದಿರ ಗುಂಪಿಗೆ ಅಡುಗೆ, ಹಾಸಿಗೆಯ ಕಾಸು ಹೋಗೋದಾದರೆ ಅವರೇ ಬೆಲೆ ನಿಗದಿ ಮಾಡಲಿ. ಬೇಡ ಅಂದರೆ ಬೇಡ, ನಾವು ಬೇರೆ ಊರು ನೋಡಿಕೊಳ್ಳುತ್ತೇವೆ.

‘ಯಾರು ಬರ್ತಾರೆ?’ ಅನ್ನೋದು ಇನ್ನೊಂದು ಆಕ್ಷೇಪ. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾದಾಗಲೂ ಇದನ್ನೇ ಕೇಳಿದ್ದರು. ನಮ್ಮಲ್ಲಿ ಎಷ್ಟೋ ಜನ ಮೊದಲು ಸೈಕಲ್ ತುಳಿದದ್ದು 2006-07ರಲ್ಲಿ ಶುರುವಾದ, ಎಂಟನೇ ಕ್ಲಾಸಿನವರಿಗೆ ಸರ್ಕಾರ ಕೊಡುತ್ತಿದ್ದ ಉಚಿತ ಸೈಕಲ್ಲಿನ ಮೇಲೆ. ಹಳ್ಳಿಯಿಂದ ಹೈಸ್ಕೂಲಿಗೆ ಅದರ ಮೇಲೆ ಹೋಗಿದ್ದ ಹುಡುಗಿ ಇವತ್ತು ನಮ್ಮ ಇ ಅಂಡ್ ಸಿ ಲ್ಯಾಬಿನಲ್ಲಿದ್ದಾಳೆ. ತುಳಿಯೋಕೆ ಬರುವವರಿದ್ದಾರೆ. ಎಲ್ಲಿಗೆ ಹೋಗಿ ಎಲ್ಲಿ ಮಲಗೋದು ಅಂತ ಗೊತ್ತಿಲ್ಲ, ಅಷ್ಟೆ.

ಬಿಸಿಲಿನ ಮಾತು ಒಪ್ಪುತ್ತೇವೆ. ನವೆಂಬರಿನಿಂದ ಫೆಬ್ರವರಿ, ಬೆಳಗ್ಗೆ ಆರಕ್ಕೆ ಹೊರಟು ಹನ್ನೊಂದಕ್ಕೆ ನಿಲ್ಲೋದು. ಮುಗೀತು.

ಹಾಗಾದರೆ ಏನಾಗಬೇಕು

ಕೋಟಿಗಟ್ಟಲೆ ರೂಪಾಯಿಯ ಸೈಕಲ್ ಟ್ರ್ಯಾಕ್ ಯೋಜನೆ ನಾವು ಕೇಳುತ್ತಿಲ್ಲ. ಅದು ಬಂದರೆ ಮೊದಲು ಮರ ಕಡಿಯುತ್ತಾರೆ, ಆಮೇಲೆ ಉದ್ಘಾಟನೆ, ಆಮೇಲೆ ಅದರ ಮೇಲೆ ಕಾರು ನಿಲ್ಲಿಸುತ್ತಾರೆ. ನಾವು ಕೇಳೋದು ಮೂರೇ.

ಮೊದಲನೆಯದು, ದಾರಿಯಲ್ಲಿರೋ ಪ್ರತಿ ಪಂಚಾಯಿತಿ ತನ್ನ ಕೈಯಲ್ಲಿರೋ ಒಂದು ಕಟ್ಟಡವನ್ನು, ಒಂದೇ ಒಂದನ್ನು, ದಾರಿಹೋಕರಿಗೆ ಬಿಡಲಿ. ಕೀಲಿ ಪಂಚಾಯಿತಿ ಕಚೇರಿಯಲ್ಲಿರಲಿ, ಬಾಡಿಗೆ ಬೋರ್ಡಿನ ಮೇಲಿರಲಿ. ರಿಜಿಸ್ಟರಿನಲ್ಲಿ ಹೆಸರು, ಫೋನ್ ನಂಬರು, ಗುರುತಿನ ಚೀಟಿ ಸಾಕು. ‘ಯಾವ ಜನ’ ಅನ್ನೋ ಕಾಲಂ ಇರಬಾರದು. ಹೆಣ್ಣುಮಕ್ಕಳಿಗೆ ಒಳಗಿಂದ ಚಿಲಕ ಇರೋ ಕೋಣೆ, ಶೌಚಾಲಯ ಇರಲೇಬೇಕು.

ಎರಡನೆಯದು, ಚಾಮರಾಜನಗರದ ಲೈನಿನಲ್ಲಿ ಓಡೋ ಪ್ಯಾಸೆಂಜರ್ ಗಾಡಿಯಲ್ಲಿ ಸೈಕಲ್ ಜೊತೆಗೆ ಹತ್ತೋಕೆ ಸುಲಭ ಮಾಡಲಿ. ಈಗ ಸೈಕಲ್ಲನ್ನು ಲಗೇಜ್ ಅಂತ ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಹಾಕಬೇಕು. ಮೈಸೂರಿನಿಂದ ನಂಜನಗೂಡಿಗೆ ಹೆದ್ದಾರಿಯ ಲಾರಿಗಳ ನಡುವೆ ತುಳಿಯೋದು ತಪ್ಪಿದರೆ ಅರ್ಧ ಅಪ್ಪ ಅಮ್ಮಂದಿರು ಹೂಂ ಅಂತಾರೆ.

ಮೂರನೆಯದು ನಮ್ಮ ಕೆಲಸ. ನಾಲೆ ಏರಿಯ ಯಾವ ಭಾಗ ತುಳಿಯೋಕೆ ಆಗುತ್ತೆ, ಎಲ್ಲಿ ಕುಸಿದಿದೆ, ಎಲ್ಲಿ ಕುಡಿಯೋ ನೀರು ಸಿಗುತ್ತೆ, ಯಾವ ಊರಲ್ಲಿ ಪಂಕ್ಚರ್ ಅಂಗಡಿ ಇದೆ ಅನ್ನೋದನ್ನು ನಕ್ಷೆ ಮಾಡೋಕೆ ಸರ್ಕಾರ ಬೇಕಾ? ಸಿವಿಲ್‌ನವರಿಗೆ ಇದು ಮಿನಿ ಪ್ರಾಜೆಕ್ಟ್. ಕಂಪ್ಯೂಟರ್ ಸೈನ್ಸ್‌ನವರಿಗೆ ಕನ್ನಡದಲ್ಲೇ ಒಂದು ನಕ್ಷೆ, ಊರಿನವರು ಕರೆಯೋ ಹೆಸರುಗಳ ಜೊತೆಗೆ. ಗೂಗಲ್ಲಿನಲ್ಲಿ ಇಲ್ಲದ ಹುಂಡಿಗಳು ಎಷ್ಟು ಇವೆ ಗೊತ್ತಾ?

ಡಿಸೆಂಬರ್ ರಜೆಗೆ ಮತ್ತೆ ಹೊರಡುತ್ತಿದ್ದೇವೆ. ಈ ಸಲ ಹೊರಡೋ ಮುಂಚೆ ಒಂದು ಭಾನುವಾರ ಬದನವಾಳಿಗೆ ಬರಿಗೈಯಲ್ಲಿ ಹೋಗಿ, ಪಂಚಾಯಿತಿಯವರ ಹತ್ತಿರ, ಖಾದಿ ಕೇಂದ್ರದ ಅವ್ವಂದಿರ ಹತ್ತಿರ, ಎರಡೂ ಕೇರಿಯ ಹಿರಿಯರ ಹತ್ತಿರ ಕೂತು ಮಾತಾಡುತ್ತೇವೆ. ಅವರು ಏನಂತಾರೋ ಹಾಗೆ. ಬರೋರು ಕ್ಲಬ್ಬಿನ ನೋಟೀಸ್ ಬೋರ್ಡಿನಲ್ಲಿ ಹೆಸರು ಬರೆಯಿರಿ. ಹೆಸರು, ಬ್ರಾಂಚು, ಸೈಕಲ್ ಇದೆಯೋ ಇಲ್ಲವೋ. ಇಷ್ಟೇ ಕಾಲಂ ಹಾಕಿದ್ದೇವೆ.